ಬಾಗಿಲಲ್ಲಿ ನಿಲ್ಲುವ ಪಾಠ

ಗಾರ್ಲಂಡ್ ಫಿಚ್ ಅನ್ನುವ ಮನುಷ್ಯನನ್ನು ನಾನು ನಂಬಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ಗಣಿಗಳ ಊರಾದ ಸಡ್ಬರಿಯ ನಮ್ಮ ಶಾಲೆಯಲ್ಲಿ ಅವನು ನಾಟಕದ ಮೇಷ್ಟ್ರು. ನಾನು ಗಣಿತದ ಟೀಚರ್, ಅದೂ ಇನ್ನೂ ಕಾಯಂ ಆಗದವಳು. ಎಂಟನೇ ಕ್ಲಾಸಿನ ಮಕ್ಕಳು ನನ್ನನ್ನು ಕ್ಯಾರೇ ಅನ್ನುತ್ತಿರಲಿಲ್ಲ. ನಾನು ಕಿರುಚಿದಷ್ಟೂ ಅವಕ್ಕೆ ಖುಷಿ. ಹಿಮ ಕರಗುವುದರೊಳಗೆ ಪ್ರಿನ್ಸಿಪಾಲ್ ಕ್ರಾಸ್ಬಿ ಮೇಡಂ ಬಂದು ಹಿಂದೆ ಕೂತು ಪಾಠ ನೋಡುತ್ತಾರೆ. ಕ್ಲಾಸು ಹಿಡಿತದಲ್ಲಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಮನೆಗೆ ನಡೆ.

"ಜಿಸೆಲ್, ನೀನು ಕ್ಲಾಸಿಗೆ ಹೋಗ್ತೀಯ ಕಣೇ, ಆದ್ರೆ ಅಲ್ಲಿ ಇರೋದಿಲ್ಲ," ಅಂದ ಗಾರ್ಲಂಡ್. "ನಾನು ಕಲಿಸ್ತೀನಿ ಬಾ."

ಶಾಲೆ ಬಿಟ್ಟ ಮೇಲೆ ರಂಗಮಂಚದ ಮೇಲೆ ನನ್ನ ಬೂಟು ಬಿಚ್ಚಿಸಿ ನಿಲ್ಲಿಸಿದ. ಉಸಿರು ಹೊಟ್ಟೆಯಿಂದ ಬರಲಿ, ಮಾತು ಹಿಂದಿನ ಗೋಡೆಗೆ ಮುಟ್ಟಲಿ, ಕೈ ಸುಮ್ಮನಿರಲಿ ಅಂದ. ಎಲ್ಲಾ ಕಲಿತೆ. ಆಮೇಲೆ ಬಂತು ದೊಡ್ಡ ಪಾಠ.

"ಕ್ಲಾಸಿನ ಬಾಗಿಲಲ್ಲಿ ನಿಂತ್ಕೋ. ಹೇಳಬೇಕಾದ ಮಾತು ಹೇಳದೇ ಹೋದ ಒಂದು ಗಳಿಗೆ ನೆನೆಸ್ಕೋ. ಬಾಯಿ ಬಿಡಬೇಡ. ಮಕ್ಕಳು ತಾವೇ ಸುಮ್ಮನಾಗ್ತವೆ."

"ಅಂಥಾದ್ದು ಒಂದಿದೆ," ಅಂದೆ.

"ಹೇಳು ಮತ್ತೆ. ನಿಜವಾದದ್ದೋ ಅಲ್ಲವೋ ನಾನು ನೋಡಬೇಕಲ್ಲ."

ಹೇಳಿಬಿಟ್ಟೆ. ನಾನು ಚಿಕ್ಕವಳಿದ್ದಾಗ, ಚಳಿಗಾಲದ ಒಂದು ಬೆಳಗ್ಗೆ, ಅಪ್ಪ ಗಣಿಯೊಳಗಿದ್ದಾಗ, ಅಮ್ಮ ನಮ್ಮನ್ನು ಬಿಟ್ಟು ಹೊರಟಳು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ, ಒಂದೇ ಕಾಲಿಗೆ ಕಾಲುಚೀಲ. ಬಾಗಿಲು ತೆರೆದು ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹೋಗಬೇಡ ಅಂದಿದ್ದರೆ ನಿಲ್ಲುತ್ತಿದ್ದಳು, ದೇವರಾಣೆಗೂ ನಿಲ್ಲುತ್ತಿದ್ದಳು. ನಾನಂದದ್ದು, "ಬಾಗಿಲು ಹಾಕ್ಕೊಂಡು ಹೋಗಮ್ಮಾ, ಚಳಿ." ಹಾಕಿಕೊಂಡು ಹೋದಳು. ಇದನ್ನು ನನ್ನ ಅಕ್ಕನಿಗೂ ಹೇಳಿರಲಿಲ್ಲ. ಗಾರ್ಲಂಡ್ ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡ.

ಮಾರನೇ ದಿನ ಬಾಗಿಲಲ್ಲಿ ನಿಂತೆ. ನೆನಪಿನಲ್ಲಿ ಅಮ್ಮ ತಲೆ ಎತ್ತಿ ನೋಡಿದಳು. ನಾನು ಉಸಿರೆತ್ತಲಿಲ್ಲ. ಮೊದಲು ಮುಂದಿನ ಸಾಲು ಸುಮ್ಮನಾಯಿತು, ಆಮೇಲೆ ಹಿಂದಿನದು. ಟ್ಯಾನರ್ ಅನ್ನುವ ಮಹಾ ತರಲೆ ಹುಡುಗ ಕೂಡ ಟೊಪ್ಪಿಗೆ ತೆಗೆದು ನೆಟ್ಟಗೆ ಕೂತ. ದಿನವೂ ಹಾಗೇ ನಡೆಯಿತು. ಗೆದ್ದೆ ಅಂದುಕೊಂಡೆ.

ಮೇಷ್ಟ್ರುಗಳ ತರಬೇತಿಯ ದಿನ ಮಕ್ಕಳಿಗೆ ರಜೆ. ನಾವೆಲ್ಲ ಕಾಫಿ, ಡೋನಟ್ ಹಿಡಿದು ಜಿಮ್ಮಿನಲ್ಲಿ ಕೂತಿದ್ದೆವು. ಕ್ಲಾಸಿನ ಮುಂದೆ ನಿಲ್ಲುವುದು ಹೇಗೆಂದು ತೋರಿಸಲು ಗಾರ್ಲಂಡ್ ವೇದಿಕೆ ಹತ್ತಿದ. ಸುಮ್ಮನೆ ನಿಂತ. ಆಮೇಲೆ ಮೆಲ್ಲಗೆ ಶುರು ಮಾಡಿದ: "ನನ್ನಮ್ಮ ಮನೆ ಬಿಟ್ಟ ಬೆಳಗ್ಗೆ, ನನ್ನ ಒಂದೇ ಕಾಲಿಗೆ ಕಾಲುಚೀಲ ಇತ್ತು..."

ಒಂದು ಮಾತೂ ಬಿಡಲಿಲ್ಲ ಅವನು, ಚಳಿಯನ್ನೂ ಬಿಡಲಿಲ್ಲ. ಆಟದ ಮೇಷ್ಟ್ರು ಬಿಕ್ಕಿದರು. ಕ್ರಾಸ್ಬಿ ಮೇಡಂ ಮೂಗೊರೆಸಿಕೊಂಡರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಯ್ಯೋ, ಅವರ ಜೊತೆ ನನ್ನ ಕೈಯೂ ತಟ್ಟಿತಲ್ಲ!

ವೇಷಭೂಷಣದ ಕೋಣೆಯಲ್ಲಿ ಅವನನ್ನು ಹಿಡಿದೆ. "ಯಾರಮ್ಮನೋ ಅದು?"

"ಮೆಲ್ಲಗೆ ಮಾತಾಡೇ. ನಾನು ನಿನ್ನ ಹೆಸರು ಎತ್ತಿದ್ನಾ?"

"ನಿನ್ನಮ್ಮ ಅಂದ್ಯಲ್ಲೋ! ನಿನ್ನಮ್ಮ ಟೊರಾಂಟೊದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾಳೆ!"

"ವೇದಿಕೆ ಮೇಲೆ ಯಾರು ಚೆನ್ನಾಗಿ ಹೇಳ್ತಾರೋ ಅದು ಅವರದ್ದು, ಜಿಸೆಲ್. ಅಷ್ಟಕ್ಕೂ ಇಂಥಾ ನೆನಪನ್ನ ನಟರು ಯಾರ ಹತ್ರನೂ ಬಾಯಿ ಬಿಡಲ್ಲ. ಬಿಟ್ರೆ ಸವೆದುಹೋಗುತ್ತೆ. ನಮ್ಮಲ್ಲಿ ಮೊದಲನೇ ಪಾಠನೇ ಅದು."

"ನೀನೇ ಕೇಳಿ ಹೇಳಿಸಿದ್ಯಲ್ಲೋ, ಪಾಪಿ!"

ಅವನು ಯಾವುದೋ ರಾಜನ ಅಂಗಿಯನ್ನು ಕೊಡವಿ ಗೂಟಕ್ಕೆ ಹಾಕಿದ.

ಆ ವಾರವೇ ಕ್ರಾಸ್ಬಿ ಮೇಡಂ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಅಮ್ಮನನ್ನು ಕರೆದೆ. ಬಂದವನು ಗಾರ್ಲಂಡ್. ಅವನ ನಡುಗುವ ದನಿ, ಅವನು ತಡೆತಡೆದು ಹೇಳಿದ ರೀತಿ. ಕಣ್ಣು ಮುಚ್ಚಿ ಮತ್ತೆ ಕರೆದೆ. ಅಮ್ಮನ ಮುಖವೇ ಬರಲಿಲ್ಲ. ಮಕ್ಕಳ ಗುಜುಗುಜು ಏರಿತು.

"ಮಿಸ್, ಒಳಗೆ ಬರ್ತೀರೋ ಇಲ್ಲ ಅಲ್ಲೇ ನಿದ್ದೆ ಮಾಡ್ತೀರೋ?" ಅಂದ ಟ್ಯಾನರ್. ಕ್ಲಾಸಿಗೆ ಕ್ಲಾಸೇ ಹೋ ಅಂತ ನಕ್ಕಿತು. ನಾನು ಹಳೇ ಜಿಸೆಲ್ ಆಗಿ ಗಂಟಲು ಹರಿಯುವ ಹಾಗೆ ಕಿರುಚಿದೆ.

ಸಂಜೆ ಆಫೀಸಿನಲ್ಲಿ ಮೇಡಂ ಮೆತ್ತಗೆ ಹೇಳಿದರು. "ಮುಂದಿನ ವರ್ಷಕ್ಕೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ. ಗಾರ್ಲಂಡ್ ನಿಮಗೋಸ್ಕರ ಅಷ್ಟು ಕಷ್ಟಪಟ್ರಂತೆ, ಪಾಪ."

ನನಗೆ ತಡೆಯಲಾಗಲಿಲ್ಲ. "ಮೇಡಂ, ಅವನು ಹೇಳಿದ್ದು ನನ್ನಮ್ಮನ ಕಥೆ! ಮೆಟ್ಟಿಲ ಮೇಲೆ ನಿಂತಿದ್ದವಳು ನಾನು!" ಅಂತ ಗೊಳೋ ಎಂದು ಅತ್ತುಬಿಟ್ಟೆ.

ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅವತ್ತು ಅಲ್ಲಿ ಕೂತಿದ್ದ ಎಲ್ಲರಿಗೂ ಹಾಗೇ ಅನ್ನಿಸ್ತು ಕಣ್ರೀ, ನನಗೂ ಸೇರಿ. ಗಾರ್ಲಂಡ್ ಅವರ ಆ ಶಕ್ತಿನೇ ನಿಮ್ಮಲ್ಲಿ ಇಲ್ಲದ್ದು."