ನೂರ ನಲವತ್ತು ಮಾತು

"ಒಂದ್ನಿಮಿಷ ಸರ್, ಆಗೋಯ್ತು," ಎಂದ ಅವಸರಪ್ಪ, ಹೆಗಲ ಮೇಲೆ ಬಿದ್ದ ಕೈಯನ್ನು ತಿರುಗಿಯೂ ನೋಡದೆ. ಆ ಕೈ ಮತ್ತೆ ತಟ್ಟಿತು, ಈ ಸಲ ಸ್ವಲ್ಪ ಜೋರಾಗಿಯೇ. ಪರದೆಯ ಮೇಲೆ ಆಂಟಿವೈರಸ್ ಒಂದು ಪ್ರಶ್ನೆ ಕೇಳಿ ಕಾಯುತ್ತಿತ್ತು: ಕ್ವಾರಂಟೈನ್‌ನಲ್ಲಿ ಕೂಡಿಹಾಕಿದ್ದನ್ನೆಲ್ಲ ಶಾಶ್ವತವಾಗಿ ಅಳಿಸಬೇಕೆ? ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆಗೆ ಹೌದು ಎಂದು ರೂಢಿಯಾದವನು ಇವತ್ತೂ ಹೌದು ಎಂದು ಒತ್ತಿದ.

ಆಗ ಅವನ ಮೂಗಿನ ಮುಂದೆ ಒಂದು ನೋಟ್‌ಬುಕ್ಕು ಬಂತು. ಅದರಲ್ಲಿ ಕಾಗೆ ಕಾಲಿನ ಅಕ್ಷರದಲ್ಲಿ, "ಅಳಿಸಬೇಡಿ, ಅದರಲ್ಲಿ ನನ್ನ" ಎಂದಿತ್ತು. ಅಲ್ಲಿಗೆ ಬರವಣಿಗೆ ನಿಂತಿತ್ತು.

ಅವಸರಪ್ಪ ಎಂಬುದು ಹೆಂಡತಿ ಇಟ್ಟ ಹೆಸರು. ಬೀದಿಯವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವ ಅವನಿಗೆ ಒಂದು ಅಭ್ಯಾಸ: ಮನೆಯವರು ಬಾಯಿ ತೆರೆಯುವ ಮೊದಲೇ ಕೈ ಕೆಲಸಕ್ಕಿಳಿದಿರಬೇಕು. ಮೊದಲು ಗುಡಿಸು, ಆಮೇಲೆ ಕೇಳು. ಜನ ಹೇಳುವ ಕಥೆಯನ್ನೆಲ್ಲ ಕೇಳುತ್ತ ಕೂತರೆ ದಿನಕ್ಕೆ ಎರಡು ಮನೆ ಮುಗಿಯುವುದಿಲ್ಲ ಎನ್ನುವುದು ಅವನ ವಾದ. ಬೆಳಿಗ್ಗೆ ಈ ಮನೆಯ ಹೆಂಗಸು ಫೋನ್ ಮಾಡಿ, "ಕೆಂಪು ಪೆಟ್ಟಿಗೆ ಬರ್ತಿದೆ, ಅದೇನಂದ್ರೆ..." ಎನ್ನುತ್ತಿದ್ದಾಗಲೂ ಅವನು, "ಬಂದು ನೋಡ್ತೀನಿ ಅಕ್ಕಾ," ಎಂದು ಫೋನಿಟ್ಟಿದ್ದ. ಬಾಗಿಲು ತೆರೆದ ಗಂಡಸು ಒಂದು ಮಾತೂ ಆಡದೆ ಒಳಗೆ ಬಾ ಎಂಬಂತೆ ತಲೆಯಾಡಿಸಿದಾಗ, ಅಬ್ಬಾ ಎಂಥ ಗತ್ತು ಎಂದುಕೊಂಡಿದ್ದ.

ಈಗ ತಿರುಗಿ ನೋಡಿದ. ಆ ಮನುಷ್ಯನ ಕುತ್ತಿಗೆಯ ಕೆಳಗೆ, ಅಂಗಿಯ ಮೊದಲ ಗುಂಡಿಯ ಮೇಲೆ, ತೆಳುವಾದ ಬಿಳಿ ಬಟ್ಟೆಯ ತುಂಡೊಂದು ಇಳಿಬಿದ್ದಿತ್ತು. ಉಸಿರಿಗೆ ಅದು ಉಬ್ಬಿ ಇಳಿಯುತ್ತಿತ್ತು. ತುಟಿಗಳು ಏನೋ ಹೇಳುತ್ತಿದ್ದವು, ಶಬ್ದ ಮಾತ್ರ ಇರಲಿಲ್ಲ.

ಅಂಗಡಿಯಿಂದ ಬಂದ ಆ ಮನುಷ್ಯನ ಹೆಂಡತಿ, ಬೆಳಿಗ್ಗೆ ಫೋನ್ ಮಾಡಿದ್ದವಳು, ಚೀಲ ಕೆಳಗಿಡುತ್ತ, "ಸಿಕ್ತಾ?" ಎಂದಳು. ಅವಳು ಗಂಡನ ಮುಖ ನೋಡಿದಳು, ಪರದೆ ನೋಡಿದಳು. "ರೀ, ಏನಾಯ್ತು?"

"ಅಕ್ಕಾ, ಅದರಲ್ಲಿ ಏನಿತ್ತು?" ಎಂದ ಅವಸರಪ್ಪ.

ಅವಳು ಹೇಳಿದಳು. ಗಂಡ ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವರು, ಎಲ್ಲರಿಗೂ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಅವರು ಬ್ರೇಕ್ ಅಂತ ಕೂಗಿದರೆ ರಸ್ತೆಯಲ್ಲಿದ್ದ ಬೇರೆ ಗಾಡಿಗಳೂ ನಿಂತುಬಿಡುತ್ತಿದ್ದವಂತೆ. ಗಂಟಲಲ್ಲಿ ಗಡ್ಡೆಯಾಯಿತು, ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಆಪರೇಷನ್‌ಗೆ ಮೊದಲು ಮೂರು ದಿನ, ಕಿಟಕಿಗೆ ಕಂಬಳಿ ಕಟ್ಟಿ, ಮೇಷ್ಟ್ರು ತಮ್ಮ ಮಾತುಗಳನ್ನು ರೆಕಾರ್ಡ್ ಮಾಡಿದರು. ನೀರು ಬೇಕು. ಫ್ಯಾನ್ ಹಾಕು. ಪಕ್ಕದ ಮನೆಯವರ ಗಲಾಟೆ ತಡೆಯೋಕಾಗಲ್ಲ. ಹೀಗೆ ನೂರ ನಲವತ್ತು.

"ಕೊನೇಲಿ 'ನಂಗೆ ಕೋಪ ಬಂದಿದೆ' ಅಂತಾನೂ ಒಂದು ಹೇಳಿಟ್ರು. ಅದೇ ಜಾಸ್ತಿ ಖರ್ಚಾಗಿದ್ದು, ಅದೂ ನನ್ನ ಮೇಲೆ," ಎಂದಳು. ನಗಲು ಹೋಗಿ ಮುಖ ಕಿವುಚಿಕೊಂಡಳು.

ಅವಳ ಅಕ್ಕನ ಮಗ, ಕಾಲೇಜು ಹುಡುಗ, ಎಲ್ಲವನ್ನೂ ಒಂದೇ ಪ್ರೋಗ್ರಾಮಿನೊಳಗೆ ತುಂಬಿಸಿ, ಗುಂಡಿ ಒತ್ತಿದರೆ ಮಾತು ಬರುವ ಹಾಗೆ ಮಾಡಿಕೊಟ್ಟಿದ್ದ. ಮನೆಯಲ್ಲೇ ಮಾಡಿದ, ಯಾವ ಕಂಪನಿಯ ಡಿಜಿಟಲ್ ಸಹಿಯೂ ಇಲ್ಲದ ಪ್ರೋಗ್ರಾಮು. ಹದಿನಾಲ್ಕು ತಿಂಗಳು ಸುಮ್ಮನಿದ್ದ ಆಂಟಿವೈರಸ್, ನಾಲ್ಕು ದಿನದ ಹಿಂದೆ ಅಪ್‌ಡೇಟ್ ಆಗಿ, ಇದು ಯಾರೋ ಕಳ್ಳ ಎಂದು ಹಿಡಿದು ಒಳಗೆ ಹಾಕಿತ್ತು.

"ಬೇರೆ ಕಡೆ ಕಾಪಿ ಇದೆಯಾ ಅಕ್ಕಾ? ಪೆನ್‌ಡ್ರೈವ್‌ನಲ್ಲಿ?"

"ಇತ್ತು. ಮೊನ್ನೆ ನಾನೇ ಚುಚ್ಚಿದೆ, ಅದರಿಂದಾದ್ರೂ ಬರತ್ತೇನೋ ಅಂತ. ಅದನ್ನೂ ನುಂಗಿಬಿಡ್ತು." ಅವಳು ಪೆನ್‌ಡ್ರೈವನ್ನು ತಂದು ಮೇಜಿನ ಮೇಲಿಟ್ಟಳು. "ನಾನು ಚುಚ್ಚಬಾರದಿತ್ತು ಅಲ್ವಾ?"

ಹೌದು ಎನ್ನುವ ಧೈರ್ಯ ಅವಸರಪ್ಪನಿಗೆ ಎಲ್ಲಿಂದ ಬರಬೇಕು? ಕೂಡಿಹಾಕಿದ್ದನ್ನು ಬಿಡಿಸಲು ಒಂದೇ ಒಂದು ಗುಂಡಿ ಸಾಕಿತ್ತು. ಅಳಿಸು ಎಂಬುದರ ಪಕ್ಕದಲ್ಲೇ ಇತ್ತು ಅದು. "ನೀವೇನೂ ತಪ್ಪು ಮಾಡಿಲ್ಲ ಅಕ್ಕಾ," ಎಂದ. "ಕ್ವಾರಂಟೈನ್‌ನಲ್ಲಿ ಎರಡೂ ಭದ್ರವಾಗಿದ್ವು. ನಾನು ಖಾಲಿ ಮಾಡ್ಬಿಟ್ಟೆ. ಸರ್ ತಡೆದ್ರು. ನಾನು ತಿರುಗಿ ನೋಡಲಿಲ್ಲ."

ಬೈದುಬಿಡಲಿ ಎಂದು ಕಾದ. ಅವಳು ಬೈಯಲಿಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿದಳು. ಅವನು ಹಳೆಯ ಲ್ಯಾಪ್‌ಟಾಪನ್ನು ಮಾರಿ ವರ್ಷವಾಗಿತ್ತು, ರೆಕಾರ್ಡ್ ಮಾಡಿದ ಫೈಲುಗಳೂ ಅದರ ಜೊತೆಗೇ ಹೋಗಿದ್ದವು. "ಚಿಕ್ಕಮ್ಮ, ಪೆನ್‌ಡ್ರೈವ್ ಇದೆಯಲ್ಲ?" ಎನ್ನುತ್ತಿದ್ದ ಆ ಕಡೆಯಿಂದ.

ಅಳಿಸಿದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಮನ್ನು ಅವಸರಪ್ಪ ಕಂಪ್ಯೂಟರಿಗೂ ಹಚ್ಚಿದ, ಪೆನ್‌ಡ್ರೈವಿಗೂ ಹಚ್ಚಿದ. ಮೂರು ಗಂಟೆ ಹಿಡಿಯಿತು. ಮಧ್ಯೆ ಎರಡು ಮನೆಯವರು ಫೋನ್ ಮಾಡಿದರು, ಇವತ್ತು ಬರೋದಿಲ್ಲ ಎಂದುಬಿಟ್ಟ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು. ಕಡೆಗೂ ಒಂದು ಫೈಲು ಸಿಕ್ಕಿತು. ಸಿಕ್ಕಿತು ಎಂದು ಅವಸರಪ್ಪ ಕೂಗಿಯೇಬಿಟ್ಟ. ತೆರೆದರೆ ಅದರೊಳಗೆ ಮಾತಿನ ಗುಂಡಿಗಳ ಚಿತ್ರಗಳಿದ್ದವು: ಒಂದು ಲೋಟ, ಒಂದು ಫ್ಯಾನು, ಒಂದು ಸಿಟ್ಟಿನ ಮುಖ. ಒತ್ತಿದರೆ ಕರಕರ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಮೇಷ್ಟ್ರು ಕೈ ಚಾಚಿ ಸ್ಪೀಕರ್ ಆರಿಸಿದರು.

"ಸರ್, ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗತ್ತೆ," ಎಂದ ಅವಸರಪ್ಪ.

ಮೇಷ್ಟ್ರು ನೋಟ್‌ಬುಕ್ಕು ತೆಗೆದುಕೊಂಡು ಬರೆದರು: "ಇವಳಿಗೆ ಬರೆದು ತೋರಿಸ್ತೀನಿ. ನಡೆಯುತ್ತೆ. ಅಮ್ಮನಿಗೇ ಕಷ್ಟ."

ಬೇರೆ ಊರಿನಲ್ಲಿ ಮೇಷ್ಟ್ರ ಅಕ್ಕನ ಮನೆಯಲ್ಲಿ ಅವರ ತಾಯಿ ಇದ್ದಳು, ಎಂಬತ್ತನಾಲ್ಕರ ಮುದುಕಿ. ಓದು ಬಾರದು, ಕಣ್ಣೂ ಮಂಜು. ಆಪರೇಷನ್ ವಿಷಯ ತಿಳಿದರೆ ಅವಳ ಎದೆ ತಡೆಯುವುದಿಲ್ಲ ಎಂದು ಎಲ್ಲರೂ ಸೇರಿ ಮುಚ್ಚಿಟ್ಟಿದ್ದರು. ದಿನಾ ಸಂಜೆ ಆರಕ್ಕೆ ಕಂಪ್ಯೂಟರಿನ ಪಕ್ಕ ಫೋನಿಟ್ಟು ಮೇಷ್ಟ್ರು ಗುಂಡಿ ಒತ್ತುತ್ತಿದ್ದರು: ಅಮ್ಮಾ, ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಸರಿ ಅಮ್ಮ, ಒಳ್ಳೇದಾಯ್ತು. ನಾಳೆ ಮಾಡ್ತೀನಿ. ನಾಲ್ಕು ದಿನದಿಂದ ಫೋನ್ ಕೆಟ್ಟಿದೆ ಎಂದು ತಳ್ಳಿದ್ದಾಗಿತ್ತು. ನಿನ್ನೆಯಿಂದ ಮುದುಕಿ ತಟ್ಟೆ ಮುಟ್ಟಿಲ್ಲ, ನನ್ನ ಮಗ ಇದ್ದಾನೋ ಇಲ್ಲವೋ ಹೇಳಿ ಎಂದು ಹಟ ಹಿಡಿದಿದ್ದಾಳೆ ಎಂದು ಅಕ್ಕ ಹೇಳಿದ್ದಳು.

ಆರು ಗಂಟೆಗೆ ಮುಂಚೆಯೇ ಫೋನ್ ಬಡಿದುಕೊಂಡಿತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಸ್ಪೀಕರ್ ಹಾಕಿದಳು.

"ಅತ್ತೆ, ಫೋನ್ ಸರಿಯಾಯ್ತು. ಆದ್ರೆ ಇವರಿಗೆ ಗಂಟಲು ಕಟ್ಟಿದೆ. ಇವತ್ತೊಂದಿನ ಮಾತಾಡೋಕಾಗಲ್ಲ."

"ಇವತ್ತೊಂದಿನಾನಾ?" ಎಂದಿತು ಮುದುಕಿಯ ಧ್ವನಿ. "ಆಗಲಿ ಬಿಡಮ್ಮ. ಫೋನ್ ಅವನ ಕೈಗೆ ಕೊಡು."

ಮೇಷ್ಟ್ರು ಫೋನನ್ನು ಮಡಿಲಲ್ಲಿಟ್ಟುಕೊಂಡರು. ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಅವಸರಪ್ಪನಿಗೆ ಹೋಗಲೂ ಆಗಲಿಲ್ಲ.

"ಇಷ್ಟು ದಿನ ನಾನೊಂದು ಕೇಳಿದ್ರೆ ನೀನೊಂದು ಹೇಳ್ತಿದ್ದೆ," ಎಂದಳು ಮುದುಕಿ. "ಬಚ್ಚಲಲ್ಲಿ ಜಾರಿ ಬಿದ್ದೆ ಕಣೋ ಅಂದ್ರೆ, ಸರಿ ಅಮ್ಮ ಒಳ್ಳೇದಾಯ್ತು ಅಂದೆ. ಅವತ್ತು ಎಂಥಾ ಸಿಟ್ಟು ಬಂದಿತ್ತು ಗೊತ್ತಾ? ಆಮೇಲೆ ದಿನಾ ಕಿವಿಗೊಟ್ಟು ಕೇಳ್ದೆ. ದಿನಾ ಒಂದೇ ಥರ. ಅದೇ ಅಮ್ಮಾ, ಅದೇ ಎಳೆತ. ಇವರೆಲ್ಲ ಮುಚ್ಚಿಡ್ತಿದಾರೆ, ಮುಚ್ಚಿಡಲಿ, ನನ್ನ ಸಮಾಧಾನಕ್ಕೆ ತಾನೇ ಅಂತ ಸುಮ್ನಾದೆ. ಈ ನಾಲ್ಕು ದಿನ ಅದೂ ಬರಲಿಲ್ಲ ನೋಡು, ಜೀವ ಬಾಯಿಗೆ ಬಂತು."

ಮೇಷ್ಟ್ರು ತುಟಿ ಕಚ್ಚಿದ್ದರು. ಕುತ್ತಿಗೆಯ ಬಟ್ಟೆ ಬೇಗಬೇಗ ಉಬ್ಬಿ ಇಳಿಯುತ್ತಿತ್ತು.

"ಅಲ್ಲಿದೀಯಾ ಕಂದ? ಇದ್ರೆ ಫೋನ್ ಮೇಲೆ ಬೆರಳಲ್ಲಿ ಒಂದ್ಸಲ ತಟ್ಟು."

ಅವರು ತಟ್ಟಿದರು. ಆ ಕಡೆ ಮುದುಕಿ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿತು.

"ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ಊಟ ಸೇರತ್ತಾ?"

ಒಂದು ಸಲ ತಟ್ಟಿದರು.

"ಅವಳು ಚೆನ್ನಾಗಿ ನೋಡ್ಕೋತಾಳಾ?"

ಒಂದು. ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು.

"ತುಂಬಾ ನೋವಾಯ್ತಾ?"

ಮೇಷ್ಟ್ರ ಬೆರಳು ಮೇಲೆದ್ದು ಫೋನಿನಿಂದ ಒಂದಂಗುಲ ದೂರದಲ್ಲಿ ನಿಂತಿತು. ಮುದುಕಿ ಮತ್ತೇನೂ ಕೇಳದೆ ಕಾಯುತ್ತಿದ್ದಳು.