ಒರೆಸಿದ ಕೈ

“ಆ ಫೋಟೋದಾಗಿನಾಕಿ ಗಂಡ ನಾನೇ ಅದೀನ್ರಿ,” ಎಂದ ಪೀರಪ್ಪ.

ಜೇವರ್ಗಿಯ ಆ ಸೀರೆ ಅಂಗಡಿಯ ಮ್ಯಾನೇಜರ್ ಜಯಮಾಲಾ ಮಡಚುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟಳು. ಯಾವ ಫೋಟೋ ಎಂದು ಕೇಳಬೇಕಾಗಿರಲಿಲ್ಲ. ಗಾಜಿನಾಚೆ, ಬಸ್ ನಿಲ್ದಾಣದ ಪಕ್ಕದ ದೊಡ್ಡ ಫಲಕದಲ್ಲಿ ನೆಲೋಗಿಯ ಸಾಬವ್ವ ಬೋಳು ಹಣೆಯಲ್ಲಿ, ಸೀರೆಯೊಂದನ್ನು ಎದೆಗೊತ್ತಿಕೊಂಡು ನಿಂತಿದ್ದಳು. ‘ನೀವೊಂದು ಸೀರೆ ಕೊಂಡರೆ, ಗಂಡನಿಲ್ಲದ ತಾಯಿಗೊಂದು ಸೀರೆ’ ಎಂದು ಕೆಳಗೆ ಬರೆದಿತ್ತು. ಕಂಪನಿಯವರು ಇದನ್ನು ಸಾಮಾಜಿಕ ಹೊಣೆಗಾರಿಕೆ ಅನ್ನುತ್ತಿದ್ದರು. ಹೊಣೆ ಹೊತ್ತ ಮೇಲೆ ವ್ಯಾಪಾರವೇನೋ ಜೋರಾಗಿತ್ತು.

“ನಮ್ಮ ಬೀಗರು ಈ ಬೋರ್ಡ್ ನೋಡಿ ಅಳಕೋತ ಮನೀಗಿ ಬಂದಿದ್ರು. ನಾನೇ ಬಾಗಿಲ್ದಾಗ ನಿಂತು ಬರ್ರಿ ಅಂದೆ. ಚಾ ಕುಡಿಸಿ ಕಳಿಸ್ದೆ.” ಪೀರಪ್ಪ ನಕ್ಕ, ನಗು ಹೆಚ್ಚು ಹೊತ್ತು ಉಳಿಯಲಿಲ್ಲ. “ಆಳಂದದಾಗ ಆಕಿ ತಂಗಿ ಮಗಳು ಬಸುರಿ, ಕುಬಸ ಇತ್ರಿ. ಉಡಿ ತುಂಬಾಕ ಹ್ವಾದ್ರ, ನೀ ಬ್ಯಾಡ ಅಂದ್ರಂತ. ನಾ ಅದೀನಿ ಅಂತ ಗೊತ್ತಿದ್ದವರೇ ಅಂದ್ರು. ಆವತ್ತಿನಿಂದ ಊಟಕ್ಕ ಕುಂದ್ರವಲ್ಲಳು.”

ಫೋಟೋಕ್ಕೆ ಬರಬೇಕಿದ್ದವಳು ಅವರ ಪಕ್ಕದ ಮನೆಯ, ಗಂಡ ತೀರಿಹೋದ ಚಂದಮ್ಮ. ಕ್ಯಾಮೆರಾ ಕಂಡದ್ದೇ ಆಕೆ ಒಲ್ಲೆನೆಂದು ಎದ್ದುಬಿಟ್ಟಳು. ಜೊತೆಗೆ ಬಂದಿದ್ದ ಸಾಬವ್ವನ ಮುಖ ಫೋಟೋಗ್ರಾಫರನಿಗೆ ಹಿಡಿಸಿತು. “ಒಂದೇ ಫೋಟೋ, ಅಕ್ಕಾ,” ಎನ್ನುತ್ತ ಜಯಮಾಲಾ ಕರವಸ್ತ್ರ ಒದ್ದೆ ಮಾಡಿ, ಆಕೆ ಬೇಡ ಅನ್ನುವ ಮೊದಲೇ ಕುಂಕುಮ ಒರೆಸಿದ್ದಳು. ಸಾಬವ್ವ ಕಣ್ಣು ಮೇಲೆತ್ತಿರಲಿಲ್ಲ. ಆ ತಗ್ಗಿದ ಕಣ್ಣನ್ನೇ ಎಲ್ಲರೂ ಹೊಗಳಿದ್ದರು, ಜಯಮಾಲಾ ಹಿಗ್ಗಿದ್ದಳು. ಈಗ ನೆನೆದರೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಒಳಕೋಣೆಗೆ ಹೋಗಿ ಕಲಬುರಗಿಯ ಮೇಲಧಿಕಾರಿ ಅಜಯಕುಮಾರನಿಗೆ ಫೋನ್ ಮಾಡಿದಳು.

“ಸರ್, ಆ ಬೋರ್ಡ್ ತೆಗೀಬೇಕಾಗ್ಯದ.”

“ತೆಗಿಯೋದಾ? ಅಫಜಲಪುರಕ್ಕ, ಆಳಂದಕ್ಕ ಅದೇ ಹಾಕ್ಸಾಕತ್ತೇವಿ. ಆಕಿ ಮುಖ ನೋಡೇ ಮಂದಿ ಒಳಗ ಬರಾಕತ್ಯಾರ. ಯಾಕ, ಏನರ ತಕರಾರದ ಏನು?”

ಆಕೆಯ ಗಂಡ ಬದುಕಿದ್ದಾನೆ, ಕುಂಕುಮ ಒರೆಸಿದವಳು ನಾನು ಎಂದರೆ ಸಾಕಿತ್ತು. ಅಷ್ಟಕ್ಕೇ ಕೆಲಸವೂ ಹೋಗುತ್ತಿತ್ತು.

“ಏನಿಲ್ಲ ಸರ್,” ಅಂದಳು.

ಹೊರಬಂದು ಪೀರಪ್ಪನಿಗೆ, “ಇವತ್ತೇ ತೆಗಸ್ತೀನಿ, ಕಾಕಾ,” ಎಂದಳು. ಮಾತು ಬಾಯಿಂದ ಹೇಗೆ ಬಂತೋ, ಬಂದೇಬಿಟ್ಟಿತು.

“ಹಂಗಾದ್ರ ಇನ್ನೊಂದದ್ರಿ. ಒರೆಸಿದ ಕೈಲೇ ಹಚ್ಚಲಿ ಅಂತಾಳ. ಹೊರಗ ನಿಂತಾಳ.”

ಗಲ್ಲಾದ ಮೇಲಿನ ಲಕ್ಷ್ಮಿಯ ಪಟದ ಮುಂದಿದ್ದ ಕುಂಕುಮದ ಬಟ್ಟಲು ಹಿಡಿದು ಜಯಮಾಲಾ ಮೆಟ್ಟಿಲಿಳಿದಳು. ಸಾಬವ್ವ ಹಣೆ ಮುಂದೆ ಮಾಡಿದಳು. ಹಣೆಯಲ್ಲಿ ಕುಂಕುಮವಿತ್ತು, ಜಯಮಾಲಾ ಅದರ ಮೇಲೆಯೇ ಹಚ್ಚಿದಳು. ಒಂದಿಷ್ಟು ಮೂಗಿನ ಮೇಲೆ ಉದುರಿತು.

“ತಪ್ಪಾತು, ಅಕ್ಕಾ.”

“ಇರ್ಲಿ ತಗೋರಿ. ತೆಗಸ್ತೀರಲ್ಲ, ಆತು.” ಸಾಬವ್ವ ಬಟ್ಟಲಿನಿಂದ ಚಿಟಿಕೆ ತೆಗೆದು ಜಯಮಾಲಾಳ ಹಣೆಗೂ ಹಚ್ಚಿದಳು. ಆಮೇಲೆ ಗಂಡನಿಗೆ, “ತೆಗಿಯೂದು ನೋಡ್ಕೊಂಡೇ ಹೋಗೋಣ್ರಿ,” ಎಂದಳು.

ಇಬ್ಬರೂ ರಸ್ತೆ ದಾಟಿ ಫಲಕದೆದುರಿನ ಕಟ್ಟೆಯ ಮೇಲೆ ಕುಳಿತರು. ನೆಲೋಗಿಯ ಬಸ್ಸು ಬಂದು, ಜನರನ್ನು ಹತ್ತಿಸಿಕೊಂಡು ಹೋಯಿತು. ಅವರು ಏಳಲಿಲ್ಲ. ಜಯಮಾಲಾ ಗಾಜಿನೊಳಗಿಂದ ನೋಡುತ್ತಿದ್ದಳು. ಸಾಬವ್ವ ಬುತ್ತಿ ಬಿಚ್ಚಿ ಪೀರಪ್ಪನಿಗೆ ರೊಟ್ಟಿ ಕೊಟ್ಟು, ತಲೆಯೆತ್ತಿ ಫಲಕವನ್ನೇ ನೋಡುತ್ತ ತಾನೂ ಒಂದು ತುಂಡು ಮುರಿದುಕೊಂಡಳು.