ಬಾಣಲೆಯ ಮರಳು

"ಏ ಕುಮಾರ, ಅದನ್ನ ಚೆಲ್ಬೇಡ ಕಣ್ಲಾ!"

ಬಾಣಲೆಯ ಮರಳನ್ನು ಮೋರಿಗೆ ಸುರಿಯಲು ಬಗ್ಗಿದ್ದ ಕುಮಾರೇಶನ ಕೈಯನ್ನು ಪಕ್ಕದ ಮನೆಯ ಇಂದ್ರಮ್ಮ ಓಡಿಬಂದು ಹಿಡಿದಳು. ಅವನ ತಾಯಿ ಬೈರಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಲು ಜಗಲಿಯಲ್ಲಿ ಜಾಗ ಮಾಡಬೇಕಿತ್ತು. ಇಪ್ಪತ್ತೈದು ವರ್ಷ ಅದೇ ಜಗಲಿಯಲ್ಲಿ ಬಿಸಿ ಮರಳಲ್ಲಿ ಕಡಲೆಕಾಯಿ ಹುರಿದು, ಕೆಲಮಂಗಲದ ಸಂತೆಯಲ್ಲಿ ಮಾರಿದವಳು ಅವಳು.

"ಸುಟ್ಟು ಕರ್ರಗಾದ ಮರಳು ಇಂದ್ರತ್ತೆ. ಇನ್ಯಾರು ಹುರೀತಾರೆ?" ಅಂದ ಕುಮಾರೇಶ.

"ಬರೀ ಮರಳಲ್ಲ ಅದು. ಸಮುದ್ರದ್ದು."

ಸಾವಿನ ಮನೆಯೆಂಬುದನ್ನೂ ಮರೆತು ಸುತ್ತಲಿದ್ದವರು ನಕ್ಕರು. ಬೈರಮ್ಮನ ಸಮುದ್ರದ ಮರಳು ಊರಿಗೆಲ್ಲ ಗೊತ್ತಿತ್ತು. ಮೂಲೆಯಲ್ಲಿ ಕೂತಿದ್ದ ಗಂಡ ರಾಮಕೃಷ್ಣಪ್ಪ ಮಾತ್ರ ನಗಲಿಲ್ಲ.

"ಇಂದ್ರಮ್ಮಾ, ಆ ಸಮುದ್ರದತ್ರ ಅವ್ಳು ಏನೇನ್ ಮಾಡಿದ್ಲು, ಹೇಳು," ಅಂದ. "ಅಲ್ಲಿಂದ ವಾಪಸ್ ಬಂದ ದಿನ ಹೇಳಾಕೆ ಬಂದ್ಲು. ಸಾಕು ನಿಲ್ಸೆ ನಿನ್ ಸಮುದ್ರ ಅಂದ್ಬುಟ್ಟೆ. ಆಮೇಲೆ ನನ್ನತ್ರ ಅವ್ಳು ಅದ್ರ ಮಾತೇ ಎತ್ಲಿಲ್ಲ."

ಇಂದ್ರಮ್ಮ ಅವನ ಪಕ್ಕದಲ್ಲಿ ಕೂತು ಹೇಳತೊಡಗಿದಳು.

*

ಎಂಟು ವರ್ಷದ ಹಿಂದೆ ಹೆಂಗಸರ ಸಂಘದವರು ಬಸ್ಸು ಮಾಡಿಕೊಂಡು ರಾಮೇಶ್ವರಕ್ಕೆ ಹೋಗಿದ್ದರು. ಗಂಡಂದಿರೂ ಬರಬಹುದಿತ್ತು. "ನೀರು ನೋಡಾಕೆ ಅಷ್ಟು ದೂರ ಹೋಗ್ಬೇಕಾ? ನಮ್ ಕೆರೆಗೇನಾಗೈತೆ?" ಎಂದು ರಾಮಕೃಷ್ಣಪ್ಪ ಉಳಿದುಬಿಟ್ಟ.

ಧನುಷ್ಕೋಟಿಯ ಕಡಲ ದಂಡೆಯನ್ನು ಒಂದು ದಿನ ಸುತ್ತಿಸಲು ತಮಿಳು ಗೈಡೊಬ್ಬ ಬಸ್ಸು ಹತ್ತಿದ. ಎಡಕ್ಕೂ ನೀರು, ಬಲಕ್ಕೂ ನೀರು, ನಡುವೆ ಮರಳಿನ ದಿಬ್ಬಗಳು. ಪಾಪ, ಅವನು ಹಳೆಯ ಕಾಲದ ಕತೆ ಹೇಳುತ್ತಿದ್ದರೆ ನಮ್ಮ ಹೆಂಗಸರು ಪುಳಿಯೋಗರೆಯ ಗಂಟು ಬಿಚ್ಚುತ್ತಿದ್ದರು. "ಇರುಬದು ನಿಮಿಷಂ ದಾನ್, ಅಮ್ಮಾ!" ಎಂದು ಪೀಪಿ ಊದಿದ. ಇಪ್ಪತ್ತೇ ನಿಮಿಷ. ಎಲ್ಲರೂ ಸೀರೆ ಎತ್ತಿಕೊಂಡು ಕಿರುಚುತ್ತ ಅಲೆಯ ಕಡೆ ಓಡಿದರು.

ಊರಿಗೊಂದು ದಾರಿಯಾದರೆ ಬೈರಮ್ಮನಿಗೊಂದು ದಾರಿ. ಅವಳು ದಿಬ್ಬ ಹತ್ತಿದಳು. ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಉಜ್ಜಿ, ಊದಿ, "ಕಲ್ಲಿಲ್ಲ, ಮಣ್ಣಿಲ್ಲ. ಜರಡಿ ಹಿಡಿದಂಗೈತೆ ಕಣೇ ಇಂದ್ರಿ!" ಎಂದು ಕೂಗಿದಳು. ಹುರಿಯಲು ಇಂಥ ಮರಳು ಸಿಕ್ಕೀತೇ? ಮಡಿಲು ತುಂಬಿಕೊಂಡು ಇಳಿದಳು. ಗೈಡು ಹಣೆ ಚಚ್ಚಿಕೊಂಡ.

ಆ ಮರಳಲ್ಲಿ ಹುರಿದ ಮೊದಲ ಕಡಲೆಕಾಯಿ ಉಪ್ಪುಪ್ಪಾಗಿತ್ತು. ರಾಮಕೃಷ್ಣಪ್ಪ ಥೂ ಎಂದು ಉಗಿದ. ಸಂತೆಯವರು ಸಿಪ್ಪೆಯನ್ನೂ ಚೀಪಿ ಇನ್ನಷ್ಟು ಕೇಳಿದರು.

*

"ನೀರಿಗೆ ಇಳಿದಾಗ ಹೆದರಿದ್ಲಾ?" ರಾಮಕೃಷ್ಣಪ್ಪ ಕೇಳಿದ.

ಇಂದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಳೀಲೇ ಇಲ್ಲ ಕಣಣ್ಣ. ಎಷ್ಟ್ ಎಳೆದ್ರೂ ಬರ್ಲಿಲ್ಲ. ನಮ್ಮೆಜಮಾನ್ರು ಬರ್ಲಿ, ಅವ್ರ ಜೊತೇಲೇ ಇಳೀತೀನಿ ಅಂದ್ಲು. ಕಾಲುಂಗುರಾನೂ ನೆನೀಲಿಲ್ಲ."

ರಾಮಕೃಷ್ಣಪ್ಪ ಹೆಂಡತಿಯ ಪಾದಗಳನ್ನೇ ನೋಡಿದ. ಪ್ರತಿ ವರ್ಷ ಸಂಘದವರು ಬಸ್ಸು ಮಾಡಿದಾಗಲೂ ಅವಳು ಅವನ ಮುಖ ನೋಡುತ್ತಿದ್ದಳು. ಅವನು "ಮುಂದಿನ ವರ್ಷ ನೋಡಾಣ" ಅನ್ನುತ್ತಿದ್ದ. ಅವಳು ಏನನ್ನು ಕೇಳುತ್ತಿದ್ದಳೆಂದು ಈಗ ತಿಳಿದು, ಬಿಕ್ಕಿ ಬಿಕ್ಕಿ ಅತ್ತ.

ಮಧ್ಯಾಹ್ನ ರಾಗಿ ಹೊಲದ ಅಂಚಿನ ಗುಂಡಿಯಲ್ಲಿ ಬೈರಮ್ಮನನ್ನು ಇಳಿಸಿ ಮಲಗಿಸಿದರು. ಊರ ಹಿರಿಯ ಪಾಪಣ್ಣ ಪದ್ಧತಿಯಂತೆ ಗುಂಡಿಗೆ ಹಾಕಲು ಉಪ್ಪಿನ ಪೊಟ್ಟಣ ಬಿಚ್ಚಿದ.

"ತಡೀರಿ," ಅಂದ ರಾಮಕೃಷ್ಣಪ್ಪ. ಮನೆಯಿಂದ ಬಾಣಲೆಯನ್ನು ಅಪ್ಪಿಕೊಂಡೇ ನಡೆದು ಬಂದಿದ್ದ. "ಮೊದ್ಲು ಇದನ್ನ ಅವ್ಳ ಕಾಲತ್ರ ಹಾಕ್ಬೇಕು."

"ಇದ್ಯಾವ ಪದ್ಧತಿನಪ್ಪಾ? ಹೊತ್ತಾಗ್ತೈತೆ."

"ಆಗ್ಲಿ ಬಿಡು ಪಾಪಣ್ಣ. ಅವ್ಳ ಇಪ್ಪತ್ತು ನಿಮಿಷ ಹಂಗೇ ಉಳಿದೈತೆ."

ಕುಮಾರೇಶ ಅಪ್ಪನ ತೋಳು ಹಿಡಿದು ಗುಂಡಿಗೆ ಇಳಿಸಿದ. ರಾಮಕೃಷ್ಣಪ್ಪ ಕರಿ ಮರಳನ್ನು ಹೆಂಡತಿಯ ಪಾದಗಳ ಸುತ್ತ ಹರಡಿದ. ಉಪ್ಪನ್ನು ಇಸಕೊಂಡು ಅದರ ಮೇಲೆ ಸುರಿದ. ಆಮೇಲೆ ಮೇಲಕ್ಕೆ ಕೈ ಚಾಚಿದ. ಕುಮಾರೇಶನಿಗೆ ಅರ್ಥವಾಯಿತು, ಶಾಸ್ತ್ರಕ್ಕೆಂದು ತಂದಿದ್ದ ನೀರಿನ ಚೆಂಬು ಕೊಟ್ಟ.

"ಇಳಿಯೇ ಬೈರಿ, ನಾನೂ ಬಂದಿದೀನಿ," ಎನ್ನುತ್ತ ಅವನು ಚೆಂಬನ್ನು ನಿಧಾನವಾಗಿ ಬಗ್ಗಿಸಿದ. ನೀರು ಉಪ್ಪನ್ನು ಕರಗಿಸಿಕೊಂಡು, ಮರಳಿನ ಮೇಲೆ ಹರಿದು, ಬೈರಮ್ಮನ ಕಾಲುಂಗುರಗಳನ್ನು ಮುಟ್ಟಿತು.